ಶಂಕ್ರಪ್ಪ ಗ್ಯಾಸ್ ಹಚ್ಚದ ಮಧ್ಯಾಹ್ನ

ಶಿರಸಿಯ ಬನವಾಸಿ ರಸ್ತೆಯಲ್ಲಿದ್ದ ಶಂಕ್ರಪ್ಪನ ವರ್ಕ್‌ಶಾಪಿಗೆ ಬೋರ್ಡು ಇರಲಿಲ್ಲ. ಯಲ್ಲಾಪುರದ ಲಾರಿ ಡ್ರೈವರುಗಳಿಗೂ ಸಿದ್ದಾಪುರದ ಪಂಪ್‌ಸೆಟ್ಟಿನವರಿಗೂ ಆ ತಗಡಿನ ಶೆಡ್ಡು ಗೊತ್ತಿತ್ತು. ಎಂಜಿನ್ನಿನ ಸ್ಟಡ್ಡು ಒಳಗೇ ಮುರಿದುಕೊಂಡಿತೆಂದರೆ, ಬೋಲ್ಟಿನ ತಲೆ ಹಾರಿ ಬುಡ ಕಬ್ಬಿಣದೊಳಗೆ ಕೂತಿತೆಂದರೆ, ಬೇರೆ ಮೆಕ್ಯಾನಿಕ್ಕುಗಳು ತಾವಾಗಿಯೇ "ಶಂಕ್ರಪ್ಪನ ಕಡೆ ಒಯ್ರಿ" ಎಂದು ಕಳಿಸಿಬಿಡುತ್ತಿದ್ದರು.

ಮುರಿದ ಬೋಲ್ಟು ಎದುರಿಗೆ ಬಂದರೆ ಅವನು ಅದನ್ನು ತಕ್ಷಣ ಮುಟ್ಟುತ್ತಿರಲಿಲ್ಲ. ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದ. "ಹೆಂಗ ಮುರೀತು? ಬಿಗಿಯೋವಾಗೋ, ಬಿಚ್ಚೋವಾಗೋ?" ಬಿಗಿಯುವಾಗ ಮುರಿದಿದ್ದರೆ ಬೋಲ್ಟಿನ ಮೈಮೇಲಿನ ಸುರುಳಿ ಎಳೆ ಹಿಡಿದುಕೊಂಡಿರುವುದಿಲ್ಲ. ಸಣ್ಣ ಉಳಿಯೊಂದರಿಂದ ಅಂಚಿಗೆ ತಟ್ಟುತ್ತ ಎಡಕ್ಕೆ ತಿರುಗಿಸಿದರೂ ಸಾಕು, ಬರುತ್ತದೆ. ಬಿಚ್ಚುವಾಗ ಮುರಿದಿದ್ದರೆ ತುಕ್ಕು ಕಚ್ಚಿದೆ ಎಂದು ಅರ್ಥ. ಆಗ ದಾರಿ ಬೇರೆ. ತುಂಡು ಮೇಲೆ ಸ್ವಲ್ಪ ಚಾಚಿಕೊಂಡಿದ್ದರೆ ಅದಕ್ಕೊಂದು ನಟ್ಟು ಬೆಸೆದು ಪಾನಾ ಹಾಕಬಹುದು. ಸಪಾಟಾಗಿ ಮುರಿದಿದ್ದರೆ ನಡುಮಧ್ಯಕ್ಕೆ ರಂಧ್ರ ಕೊರೆದು ಈಜಿಔಟ್ ಇಳಿಸಬೇಕು. ಅದು ಎಡಕ್ಕೆ ಸುತ್ತಿದ ಎಳೆಗಳಿರುವ, ಮೊನೆ ಸಣ್ಣಗಾದ ಗಡಸು ಉಕ್ಕಿನ ಕಡ್ಡಿ. ಎಡಕ್ಕೆ ತಿರುಗಿಸಿದಷ್ಟೂ ಬೋಲ್ಟನ್ನು ಒಳಗಿನಿಂದ ಕಚ್ಚಿಕೊಂಡು ಹೊರಗೆ ತರುತ್ತದೆ. ಆದರೆ ಕೈ ಅವಸರ ಮಾಡಿದರೆ ಅದೇ ಒಳಗೆ ಪಟ್ಟೆಂದು ಮುರಿಯುತ್ತದೆ, ಆಮೇಲೆ ಯಾವ ಡ್ರಿಲ್ಲೂ ಅದಕ್ಕೆ ನಾಟುವುದಿಲ್ಲ. ಕೊನೆಯ ದಾರಿ ಗ್ಯಾಸ್ ಕಟರು. ಸುಟ್ಟು ಕತ್ತರಿಸುವುದು.

ಎರಡು ಸಿಲಿಂಡರಿನ ಗ್ಯಾಸ್ ಸೆಟ್ಟು ಶೆಡ್ಡಿನ ಮೂಲೆಯಲ್ಲಿ ಇತ್ತು. ಶಂಕ್ರಪ್ಪ ಅದನ್ನು ಆದಷ್ಟು ಮುಟ್ಟುತ್ತಿರಲಿಲ್ಲ. ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ಗ್ಯಾಸಿನ ಪೈಪಿಗೆ ಬೆಂಕಿ ಹತ್ತಿ ಅವನ ಬಲಗಿವಿಯಿಂದ ಹೆಗಲಿನವರೆಗೆ ಚರ್ಮ ಸುಟ್ಟಿತ್ತು. ಆ ಕಲೆ ಮುಚ್ಚಲು ಬೇಸಿಗೆಯಲ್ಲೂ ಕುತ್ತಿಗೆಗೆ ಟವೆಲು ಸುತ್ತಿಕೊಂಡಿರುತ್ತಿದ್ದ. ಗಿರಾಕಿಗಳು ಅವಸರ ಮಾಡಿದರೆ "ಬೆಂಕಿ ಹಚ್ಚಿದ್ರ ಸುತ್ತಲಿನ ಲೋಹ ಹಾಳಾಗ್ತೈತ್ರಿ" ಎನ್ನುತ್ತಿದ್ದ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ ಎಂಬುದು ಹೆಂಡತಿ ಶಾರದವ್ವನಿಗೆ ಮಾತ್ರ ಗೊತ್ತಿತ್ತು.

ತೊಂಬತ್ತಾರನೇ ಇಸವಿಯ ಜನವರಿಯಲ್ಲಿ, ಬೆಳಿಗ್ಗೆ ಹನ್ನೊಂದೂವರೆಯ ಹೊತ್ತಿಗೆ, ಪಕ್ಕದ ಟಯರ್ ಅಂಗಡಿಯ ರಘುಪತಿ ಓಡಿಬಂದ. ಅವನ ಅಂಗಡಿಗೆ ಫೋನು ಬಂದಿತ್ತು. ಸಿದ್ದಾಪುರ ದಾರಿಯ ತ್ಯಾಗಲಿ ಊರಿನಿಂದ, ನಾಗಪತಿ ಹೆಗಡೆಯವರದು. ಕಬ್ಬಿನ ಗಾಣದಲ್ಲಿ ಆಳಿನ ಕೈ ಸಿಕ್ಕಿಕೊಂಡಿದೆ, ಬಿಡಿಸಲು ಹೋಗಿ ಬೋಲ್ಟು ಮುರಿದಿದೆ, ಕೂಡಲೇ ಬರಬೇಕು.

"ಕೈ ಒಳಗಽ ಐತೇನು?" ಎಂದು ಶಂಕ್ರಪ್ಪ ಕೇಳಿದ.

"ಒಳಗೇ ಇದೆಯಂತೆ ಮಾರಾಯ. ನನ್ನ ಜೀಪು ತೆಗಿತೇನೆ, ಸಾಮಾನು ಹಾಕು."

ಶಂಕ್ರಪ್ಪ ಉಳಿ, ಅರ, ಗರಗಸ, ಪಂಚು, ಎದೆಗೆ ಒತ್ತಿ ಕೈಯಲ್ಲಿ ತಿರುಗಿಸುವ ಡ್ರಿಲ್ಲು, ಈಜಿಔಟಿನ ಪೆಟ್ಟಿಗೆ, ಸೀಮೆಎಣ್ಣೆಯ ಡಬ್ಬಿ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿದ. ಒಂದು ಕ್ಷಣ ನಿಂತು ಮೂಲೆಯ ಕಡೆ ನೋಡಿದ. ಆಮೇಲೆ ರಘುಪತಿಯ ಜೊತೆ ಸೇರಿ ಎರಡೂ ಸಿಲಿಂಡರುಗಳನ್ನು ಜೀಪಿನ ಹಿಂಬದಿಗೆ ಏರಿಸಿದ. ಮುಕ್ಕಾಲು ತಾಸಿನ ದಾರಿಯುದ್ದಕ್ಕೂ ಅವು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ಗಾಣದ ಸುತ್ತ ಹತ್ತಿಪ್ಪತ್ತು ಜನ ಸೇರಿದ್ದರು.  ಮೂರು ಉರುಳಿನ, ಡೀಸೆಲ್ ಎಂಜಿನ್ನಿಗೆ ಬೆಲ್ಟು ಹಾಕಿ ಓಡಿಸುವ ಗಾಣ. ಉರುಳಿಗೆ ಕಬ್ಬು ಕೊಡುತ್ತಿದ್ದ ಕೆರಿಯ ಎಂಬವನ ಬಲಗೈ ಮೇಲಿನ ಉರುಳು ಮತ್ತು ಮುಂದಿನ ಉರುಳಿನ ನಡುವೆ ಮಣಿಕಟ್ಟಿನವರೆಗೆ ಹೋಗಿತ್ತು. ನಾಗಪತಿ ಹೆಗಡೆಯವರು ಕೂಗು ಕೇಳಿದ ಕೂಡಲೇ ಕಟ್ಟಿಗೆಯಿಂದ ಬೆಲ್ಟು ಹಾರಿಸಿದ್ದರು, ಇಲ್ಲದಿದ್ದರೆ ತೋಳೇ ಹೋಗುತ್ತಿತ್ತು. ಉರುಳನ್ನು ಹಿಂದಕ್ಕೆ ತಿರುಗಿಸೋಣವೆಂದರೆ ಹಲ್ಲುಚಕ್ರದ ಹಲ್ಲೊಂದು ಮುರಿದು ನಡುವೆ ಸಿಕ್ಕಿಕೊಂಡಿತ್ತು; ಗಾಣ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಇನ್ನು ಮೇಲಿನ ಉರುಳನ್ನು ಎತ್ತಬೇಕು. ಅದನ್ನು ಎರಡು ಬದಿಯಿಂದ ಕೆಳಕ್ಕೆ ಒತ್ತಿ ಹಿಡಿದಿರುವುದು ಒಂದೊಂದು ದಪ್ಪ ಬೋಲ್ಟು. ಎಡಬದಿಯದು ಬಿಚ್ಚಿತ್ತು. ಬಲಬದಿಯದಕ್ಕೆ, ಅಂದರೆ ಕೆರಿಯನ ಕೈ ಇದ್ದ ಬದಿಯದಕ್ಕೆ, ಪಾನಾ ಹಾಕಿ, ಅದರ ಹಿಡಿಗೆ ಪೈಪು ತೂರಿಸಿ ಇಬ್ಬರು ಜಗ್ಗಿದ್ದರು. ತಲೆ ಕಿತ್ತು ಬಂದಿತ್ತು. ಉಳಿದದ್ದು ಎರಕದ ಕಬ್ಬಿಣದ ಮೇಲ್ಮೈಗೆ ಸರಿಸಮವಾಗಿ ಮುರಿದು ಕೂತಿತ್ತು.

ಕೆರಿಯ ಮಂಡಿಯೂರಿ ಗಾಣದ ಮೈಗೆ ಕೆನ್ನೆ ಒತ್ತಿಕೊಂಡಿದ್ದ. ಅವನ ಹೆಂಡತಿ ತಿಮ್ಮಿ ಹಿಂದಿನಿಂದ ಅವನ ಸೊಂಟ ತಬ್ಬಿ ಭಾರ ತಾನು ಹೊತ್ತುಕೊಂಡಿದ್ದಳು. ಹೆಗಡೆಯವರ ಹೆಂಡತಿ ಸುಬ್ಬಲಕ್ಷ್ಮಿ ಚೊಂಬು ಹಿಡಿದು, "ಎಂತ ಮಾಡ್ವ ಈಗ? ಎಂಗೆ ಕೈಕಾಲೇ ಆಡ್ತಿಲ್ಲೆ" ಎಂದು ಗಂಡನಿಗೆ ಹೇಳುತ್ತಿದ್ದರು.

ಶಂಕ್ರಪ್ಪ ಬಗ್ಗಿ ನೋಡಿದ. ಒತ್ತು ಬೋಲ್ಟಿನ ನಡುಭಾಗ, ಮೇಲಿನ ಅಡ್ಡಪಟ್ಟಿಗೂ ಕೆಳಗಿನ ಬೇರಿಂಗಿಗೂ ಮಧ್ಯೆ ಎರಡು ಬೆರಳಿನಷ್ಟು ಜಾಗದಲ್ಲಿ ಬರಿದಾಗಿ ಕಾಣುತ್ತಿತ್ತು. ಗರಗಸದ ಚೌಕಟ್ಟು ಅಲ್ಲಿ ಹಿಡಿಸುವುದಿಲ್ಲ. ಬರೀ ಬ್ಲೇಡನ್ನು ಬಟ್ಟೆಯಲ್ಲಿ ಸುತ್ತಿ ಎಳೆದು ನೋಡಿದ. ಬೋಲ್ಟು ಗಡಸು, ಹಲ್ಲುಗಳು ಉದುರಿದವು. ಅದೇ ಜಾಗಕ್ಕೆ ಗ್ಯಾಸಿನ ಉರಿ ಹಾಯಿಸಬಹುದಿತ್ತು. ಆದರೆ ಒಂದು ಗೇಣು ಈಚೆಗೆ ಕೆರಿಯನ ಮಣಿಕಟ್ಟು.

"ಗ್ಯಾಸ್ ಹಚ್ಚು ಶಂಕ್ರಪ್ಪ. ಎಂತಕ್ಕೆ ನೋಡ್ತಾ ನಿಂತೆ?" ಎಂದರು ಹೆಗಡೆಯವರು.

ಕೆರಿಯ ತಲೆ ಎತ್ತಿ ಜೀಪಿನಲ್ಲಿದ್ದ ಸಿಲಿಂಡರುಗಳನ್ನು ನೋಡಿದ. "ಬೆಂಕಿ ಬ್ಯಾಡ, ವಡೆಯಾ. ಬೆಂಕಿ ಬ್ಯಾಡ."

"ಇಲ್ಲಪ್ಪ, ಬೆಂಕಿ ಹಚ್ಚೂದಿಲ್ಲ" ಎಂದ ಶಂಕ್ರಪ್ಪ. ಹೇಳುವಾಗ ಎದೆಯ ಮೇಲಿನ ಕಲ್ಲು ಸರಿದಂತಾಯಿತು. ಆ ಹಗುರ ಭಾವನೆಯೇ ಮುಂದೆ ವರ್ಷಗಟ್ಟಲೆ ಅವನನ್ನು ಬಿಡದೆ ಕಾಡಿತು.

ಸೀಮೆಎಣ್ಣೆ ಸುರಿದ. ಮುರಿದ ಮೈಯನ್ನು ಅರದಿಂದ ಮಟ್ಟ ಮಾಡಿದ. ನಡುಮಧ್ಯಕ್ಕೆ ಪಂಚಿಟ್ಟು ಒಂದು ಪೆಟ್ಟು ಕೊಟ್ಟಾಗ ಕೆರಿಯ ಚೀರಿದ. ಎರಡನೇ ಪೆಟ್ಟನ್ನು ಶಂಕ್ರಪ್ಪ ಕೊಡಲಿಲ್ಲ. ಡ್ರಿಲ್ಲಿನ ಹಿಡಿ ಎದೆಗೆ ಒತ್ತಿ ತಿರುಗಿಸತೊಡಗಿದ. ಮೊದಲು ಸಣ್ಣ ಕೊರೆ, ಆಮೇಲೆ ಅದಕ್ಕಿಂತ ದೊಡ್ಡದು, ಆಮೇಲೆ ಇನ್ನೊಂದು. ಕಬ್ಬಿಣದ ಚೂರುಗಳು ಸುರುಳಿ ಸುರುಳಿಯಾಗಿ ಮೇಲೆ ಬಂದವು. ರಘುಪತಿ ಗಡಿಯಾರ ನೋಡಿ ನೋಡಿ ಕೊನೆಗೆ ಕೈಯನ್ನು ಜೇಬಿಗೆ ಹಾಕಿಕೊಂಡ. ಅರ್ಧದಾರಿಯಲ್ಲಿ ಕೆರಿಯನ ನರಳಾಟ ನಿಂತಿತು. ತಿಮ್ಮಿ ಅವನ ಮುಖಕ್ಕೆ ನೀರು ಚಿಮುಕಿಸಿ "ಉಸ್ರೈತಿ, ನೀವು ಮಾಡಿ" ಎಂದಳು.

ಈಜಿಔಟ್ ಇಳಿಸಿ ಎಡಕ್ಕೆ ತಿರುಗಿಸಿದಾಗ ಅದು ಕಚ್ಚಿತು, ನಿಂತಿತು. ಇನ್ನೊಂದು ಚೂರು ಬಲ ಹಾಕಿದರೆ ಮುರಿಯಬಹುದು. ಶಂಕ್ರಪ್ಪ ಕಣ್ಣು ಮುಚ್ಚಿ ಹಿಡಿಯ ಮೇಲೆ ಭಾರ ಬಿಟ್ಟು ಹಾಗೇ ನಿಂತ. ಒಳಗೆಲ್ಲೋ ಕಿರ್ ಎಂದಿತು. ಬೋಲ್ಟು ಕಾಲು ಸುತ್ತು ತಿರುಗಿತು, ಅರ್ಧ ಸುತ್ತು, ಆಮೇಲೆ ತಾನಾಗಿ ಬಂದಂತೆ ಬಂತು. ನಾಲ್ಕು ಜನ ಉರುಳು ಎತ್ತಿದರು. ತಿಮ್ಮಿ ಆ ಕೈಯನ್ನು ತನ್ನ ಸೆರಗಿನಲ್ಲಿ ಸುತ್ತಿದಳು. ಬೇರೆ ಯಾರಿಗೂ ನೋಡಲು ಬಿಡಲಿಲ್ಲ. ರಘುಪತಿಯ ಜೀಪು ಹೊರಟಿತು. ಸಿಲಿಂಡರುಗಳನ್ನು ಇಳಿಸಲೂ ಯಾರಿಗೂ ನೆನಪಾಗಲಿಲ್ಲ.

ಶಂಕ್ರಪ್ಪ ಕೆಲಸ ಶುರು ಮಾಡಿ ಐವತ್ತು ನಿಮಿಷವಾಗಿತ್ತು.

ಊರಿಗೆ ಊರೇ ಅವನನ್ನು ಹೊಗಳಿತು. ಎಂಥ ತಾಳ್ಮೆ, ಎಂಥ ಕೈ, ಒಂದು ಜೀವ ಉಳಿಸಿದ. ಹತ್ತು ದಿನ ಕಳೆದು ನಾಗಪತಿ ಹೆಗಡೆಯವರು ಪೇಟೆಗೆ ಬಂದವರು ಶೆಡ್ಡಿಗೂ ಬಂದರು. ಕೆರಿಯನನ್ನು ಶಿರಸಿಯಿಂದ ಹುಬ್ಬಳ್ಳಿಗೆ ಒಯ್ದಿದ್ದರು. ಮೂರನೇ ದಿನ ಮಣಿಕಟ್ಟಿನಿಂದ ಕೈ ತೆಗೆದಿದ್ದರು.

"ಡಾಕ್ಟ್ರು ಹೇಳಿದ್ರು, ಎರಡು ತಾಸಿಗಿಂತ ಜಾಸ್ತಿ ರಕ್ತ ನಿಂತಿತ್ತಂತೆ. ಮುಕ್ಕಾಲು ತಾಸು ಮೊದಲು ಬಿಡಿಸಿದ್ರೆ ಹೆಬ್ಬೆಟ್ಟು, ಮತ್ತೊಂದೆರಡು ಬೆರಳು ಉಳಿತಿತ್ತೇನೋ, ಹೇಳಲಿಕ್ಕೆ ಬರೂದಿಲ್ಲ ಅಂದ್ರು." ಹೆಗಡೆಯವರ ದನಿಯಲ್ಲಿ ದೂರು ಇರಲಿಲ್ಲ. ಸುದ್ದಿ ಹೇಳಿದಂತೆ ಹೇಳಿ ಚಹಾ ಕುಡಿದು ಹೋದರು.

ಶಂಕ್ರಪ್ಪನಿಗೆ ಮುಕ್ಕಾಲು ತಾಸು ಎಂಬ ಮಾತು ತಲೆಯಲ್ಲಿ ಕೂತುಬಿಟ್ಟಿತು. ಗ್ಯಾಸಿನಲ್ಲಿ ಎಷ್ಟು ಹೊತ್ತು ಹಿಡಿಯುತ್ತಿತ್ತು? ಐದು ನಿಮಿಷ? ಹತ್ತು? ಆ ಹತ್ತು ನಿಮಿಷದಲ್ಲಿ ಕಬ್ಬಿಣ ಕಾದು ಕೈ ಬೆಂದುಹೋಗುತ್ತಿತ್ತೋ, ಇಲ್ಲವೋ? ಬೆಂದುಹೋಗುತ್ತಿತ್ತು ಎಂದಾದರೆ ಅವನು ಮಾಡಿದ್ದು ಸರಿ. ಅದು ಅವನಿಗೆ ಗೊತ್ತಿರಬೇಕಿತ್ತು. ಇಪ್ಪತ್ತು ವರ್ಷದ ಕಸುಬುದಾರ. ಆದರೆ ಗೊತ್ತಿರಲಿಲ್ಲ, ಯಾಕೆಂದರೆ ಗ್ಯಾಸಿನ ಜೊತೆ ಅವನು ಯಾವತ್ತೂ ಅಷ್ಟು ಒಡನಾಡಿರಲಿಲ್ಲ.

ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಫೆಬ್ರವರಿಯಲ್ಲಿ ಯಲ್ಲಾಪುರದ ಲಾರಿಯೊಂದರ ಹಬ್ಬಿನಲ್ಲಿ ಎರಡು ಈಜಿಔಟ್ ಮುರಿದ. ಡ್ರೈವರು ನಕ್ಕ. ಶಾರದವ್ವ ನಗಲಿಲ್ಲ. "ಅವನಽ ಬ್ಯಾಡ ಅಂದಾನಲ್ರಿ. ಬೆಂಕಿ ಬ್ಯಾಡ ಅಂತ ಅವನ ಬಾಯಾಗಽ ಬಂತಂತ ನೀವಽ ಹೇಳೀರಿ" ಎಂದಳು.

"ಅವನು ಅನ್ನೂಕಿಂತ ಮೊದ್ಲಽ ನಾನು ಹಚ್ಚಬಾರ್ದು ಅಂತ ಮಾಡಿದ್ದೆ. ಅವ ಅಂದದ್ದು ನನಗ ಛಲೋ ಆತು, ಅಷ್ಟಽ" ಎಂದ ಶಂಕ್ರಪ್ಪ.

ಏಪ್ರಿಲ್ ತಿಂಗಳಲ್ಲಿ ಗುಜರಿಯವನ ಹತ್ತಿರ ಒಡೆದ ಗಾಣವೊಂದರ ಪಕ್ಕದ ಚೌಕಟ್ಟು ಸಿಕ್ಕಿತು. ಮೂರೂ ಉರುಳುಗಳಿರಲಿಲ್ಲ, ಆದರೆ ಅಡ್ಡಪಟ್ಟಿ, ಬೇರಿಂಗು, ತುಕ್ಕು ಹಿಡಿದ ಒತ್ತು ಬೋಲ್ಟು ಎಲ್ಲ ಅದೇ ಅಳತೆಯವು. ಭಾನುವಾರ ಶೆಡ್ಡಿನ ಬಾಗಿಲು ಎಳೆದುಕೊಂಡು ಅದನ್ನು ಕಲ್ಲಿನ ಮೇಲೆ ನಿಲ್ಲಿಸಿದ. ಕೆರಿಯನ ಮಣಿಕಟ್ಟು ಎಲ್ಲಿತ್ತೋ ಅಲ್ಲಿಗೆ ಉರುಳಿನ ಬದಲು ಎರಡು ಕಬ್ಬಿಣದ ತುಂಡು ಜೋಡಿಸಿ, ಬೇರಿಂಗಿಗೆ ತಾಗಿಸಿ, ಅವುಗಳ ನಡುವೆ ತನ್ನ ಎಡಗೈ ತೂರಿಸಿದ. ಕೈಗೂ ಬೋಲ್ಟಿಗೂ ಮಧ್ಯೆ ಒಂದು ತಗಡಿನ ಚೂರು, ಅದರ ಮೇಲೆ ನೀರಲ್ಲಿ ಅದ್ದಿದ ಗೋಣಿ. ಎದುರಿಗೆ ಗೋಡೆಗಡಿಯಾರ. ಬಲಗೈಯಲ್ಲಿ ಕಟರು ಹಿಡಿದು ಬೆಂಕಿ ಹಚ್ಚಿದಾಗ ಅವನ ಕಾಲು ನಡುಗುತ್ತಿತ್ತು.

ಬೋಲ್ಟು ಕೆಂಪಾಯಿತು. ಉರಿ ಒತ್ತಿದ. ಕಿಡಿ ಗೋಣಿಯ ಮೇಲೆ ಬಿದ್ದು ಚುಂಯ್ ಎಂದಿತು. ತಟ್ಟನೆ ಕಬ್ಬಿಣ ಕರಗಿ ಕೆಳಗಿಳಿಯಿತು, ಬೇರಿಂಗು ಸಡಿಲಾಗಿ ಅಲುಗಿತು. ಕಟರು ಆರಿಸಿ ಗಡಿಯಾರ ನೋಡಿದ. ಮೂರು ನಿಮಿಷವೂ ತುಂಬಿರಲಿಲ್ಲ. ಕೈ ಹೊರಗೆ ತೆಗೆದ. ಮಣಿಕಟ್ಟಿನ ಮೇಲೆ ನಾಲ್ಕಾಣೆಯಷ್ಟಗಲ ಎರಡು ಬೊಬ್ಬೆ. ಅಷ್ಟೇ. ಕಬ್ಬಿಣ ಬಿಸಿಯಾಗಿತ್ತು, ಕೈ ಬೇಯುವಷ್ಟು ಆಗಿರಲಿಲ್ಲ.

ಊಟಕ್ಕೆ ಕರೆಯಲು ಬಂದ ಶಾರದವ್ವ ಬಾಗಿಲು ತಳ್ಳಿದಾಗ ಅವನು ನೆಲದ ಮೇಲೆ ಕೂತು ಬೊಬ್ಬೆ ಎದ್ದ ಕೈಯನ್ನೇ ನೋಡುತ್ತಿದ್ದ. ಅವಳು ಚೌಕಟ್ಟನ್ನೂ ಗೋಣಿಯನ್ನೂ ನೋಡಿ ಎಲ್ಲ ಅರ್ಥ ಮಾಡಿಕೊಂಡಳು. "ಬುದ್ಧಿ ಕೆಟ್ಟದೇನ್ರೀ ನಿಮಗ? ನಿಮ್ಮ ಕೈನೂ ಹೋಗಿದ್ರ ಯಾರು ದಿಕ್ಕು?" ಎಂದು ಬೈಯುತ್ತ ಮಡಕೆಯ ನೀರು ಸುರಿದಳು.

"ಮೂರು ನಿಮಿಷ, ಶಾರದಾ. ಬರೇ ಮೂರು ನಿಮಿಷ" ಎಂದು ಶಂಕ್ರಪ್ಪ ಅತ್ತ. ಮದುವೆಯಾದ ಹದಿನಾರು ವರ್ಷಗಳಲ್ಲಿ ಅವನು ಅತ್ತಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಮುಂದಿನ ವಾರ ಅವನು ಸಿದ್ದಾಪುರದ ಬಸ್ಸು ಹತ್ತಿದ. ಹೋಗಬೇಡಿ ಎಂದು ಶಾರದವ್ವ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಕೆರಿಯನ ಮನೆ ಹೆಗಡೆಯವರ ಗದ್ದೆಯ ಆಚೆ ದಿಬ್ಬದ ಮೇಲಿತ್ತು. ಕೆರಿಯ ಅಂಗಳದಲ್ಲಿ ಕೂತು, ಕಾಲಿನ ಹೆಬ್ಬೆರಳಿಗೆ ಬಳ್ಳಿ ಸಿಕ್ಕಿಸಿ, ಎಡಗೈಯೊಂದರಲ್ಲೇ ಬುಟ್ಟಿ ಹೆಣೆಯಲು ನೋಡುತ್ತಿದ್ದ. ಶಂಕ್ರಪ್ಪನನ್ನು ಕಂಡು ಎದ್ದು ಚಾಪೆ ಹಾಸಿದ. "ನೀವು ಬರದಿದ್ರೆ ಅವತ್ತು ನಾ ಅಲ್ಲೇ ಸಾಯ್ತಿದ್ದೆ" ಎಂದ.

ಶಂಕ್ರಪ್ಪ ಚಾಪೆಯ ಮೇಲೆ ಕೂರಲಿಲ್ಲ. ನಿಂತೇ ಎಲ್ಲ ಹೇಳಿದ. ಗ್ಯಾಸ್ ಹಚ್ಚಿದ್ದರೆ ಮೂರು ನಿಮಿಷ ಸಾಕಾಗುತ್ತಿತ್ತು, ನಾನು ಪರೀಕ್ಷೆ ಮಾಡಿ ನೋಡಿದೆ, ನನಗೆ ಬೆಂಕಿ ಎಂದರೆ ಅಂಜಿಕೆ, ಅದಕ್ಕೇ ಡ್ರಿಲ್ಲು ಹಿಡಿದೆ. ಎಡಗೈ ಎತ್ತಿ ಮಣಿಕಟ್ಟಿನ ಬೊಬ್ಬೆಯ ಕಲೆ ತೋರಿಸಿದ.

ಕೆರಿಯ ಆ ಕಲೆ ನೋಡಿದ. ಆಮೇಲೆ "ಬೆಂಕಿ ಬ್ಯಾಡ ಅಂತ ನಾನೇ ಅಂದ್ನಂತಲ್ಲ. ಎಲ್ಲ ಹೇಳ್ತ್ರು. ನಂಗೆ ನೆನಪಿಲ್ಲ" ಎಂದ.

"ಅಂದಿ. ಆದ್ರ ನೀ ಅನ್ನದಿದ್ರೂ ನಾ ಹಚ್ಚತಿರಲಿಲ್ಲ."

ತಿಮ್ಮಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದವಳು ಬಾಗಿಲಿಗೆ ಬಂದಳು. ಅವಳ ದನಿ ಏರಲಿಲ್ಲ. "ಇಷ್ಟ್ ದಿನ ನಾವು ಹಣೆಬರ ಅಂದ್ಕಂಡಿದ್ವಿ. ಇವ್ರು ರಾತ್ರಿ ನಿದ್ದೆ ಮಾಡ್ತಿದ್ರು. ಇನ್ ಮೇಲೆ ಆ ಮೂರು ನಿಮಿಷ ಎಣಿಸ್ತಾ ಕೂರ್ತ್ರು. ಇದ್ನ ನಮ್ಮನೆಗೆ ಯಾಕೆ ತಂದ್ರಿ? ನಿಮ್ಮ ಹತ್ರಾನೇ ಇಟ್ಕಳಕ್ಕೆ ಆಗ್ಲಿಲ್ವ?"

 ಕೆರಿಯ ತಿಮ್ಮಿಯನ್ನು ಗದರಲೂ ಇಲ್ಲ, ಶಂಕ್ರಪ್ಪನಿಗೆ ಕೂರಲು ಹೇಳಲೂ ಇಲ್ಲ. ಬುಟ್ಟಿಯ ಬಳ್ಳಿ ಕಾಲಿನಿಂದ ಜಾರಿ ಬಿಚ್ಚಿಕೊಳ್ಳುತ್ತಿತ್ತು. ಅದನ್ನು ಮತ್ತೆ ಸಿಕ್ಕಿಸುವ ಗೋಜಿಗೆ ಅವನು ಹೋಗಲಿಲ್ಲ. ಶಂಕ್ರಪ್ಪ ಕೈಮುಗಿದು ದಿಬ್ಬ ಇಳಿದ.

"ಹಗುರ ಆತೇನ್ರೀ?" ಎಂದು ಶಾರದವ್ವ ಸಂಜೆ ಕೇಳಿದಳು.

"ಇಲ್ಲ. ಅವರಿಗೆ ಭಾರ ಆತು" ಎಂದ.

ಆ ಮಾತನ್ನು ಅವನು ಮತ್ತೆ ಯಾರಲ್ಲೂ ಎತ್ತಲಿಲ್ಲ. ಆದರೆ ಗ್ಯಾಸಿನ ಕೆಲಸವನ್ನು ಹೊಸಬನಂತೆ ಕಲಿತ. ಯಾವ ದಪ್ಪಕ್ಕೆ ಎಷ್ಟು ಹೊತ್ತು, ಬಿಸಿ ಎಷ್ಟು ದೂರ ಹರಡುತ್ತದೆ, ಒದ್ದೆ ಗೋಣಿ ಎಷ್ಟು ತಡೆಯುತ್ತದೆ, ಎಲ್ಲವನ್ನೂ ಗುಜರಿ ಕಬ್ಬಿಣದ ಮೇಲೆ ಮಾಡಿ ನೋಡಿ ಶೆಡ್ಡಿನ ಗೋಡೆಗೆ ಸುಣ್ಣದಲ್ಲಿ ಬರೆದಿಟ್ಟ. ಕಟರು ಹಿಡಿದಾಗ ಕಾಲು ನಡುಗುವುದು ಮಾತ್ರ ಕಡೆತನಕ ನಿಲ್ಲಲಿಲ್ಲ. ಎರಡು ಸಾವಿರದ ಒಂದರಲ್ಲಿ ಯಲ್ಲಾಪುರದ ಹತ್ತಿರ ಲಾರಿಯ ಕ್ಯಾಬಿನ್ನಿನಲ್ಲಿ ಕಾಲು ಸಿಕ್ಕಿಕೊಂಡ ಡ್ರೈವರನೊಬ್ಬನನ್ನು ಹಾಗೆಯೇ ನಡುಗುತ್ತ ಬಿಡಿಸಿದ. ಕಾಲು ಉಳಿಯಿತು, ಮಂಡಿಯ ಹತ್ತಿರ ಸುಟ್ಟಿತು. ಆ ಡ್ರೈವರು ಆಮೇಲೆ ಕಂಡಕಂಡವರಲ್ಲಿ, ಶಿರಸಿಯ ಮೆಕ್ಯಾನಿಕ್ಕು ನನ್ನನ್ನು ಸುಟ್ಟುಹಾಕಿದ ಎಂದು ಹೇಳಿಕೊಂಡು ತಿರುಗಿದ. ಅದು ಕಿವಿಗೆ ಬಿದ್ದಾಗ ಶಂಕ್ರಪ್ಪ "ಅಂತಿರ್ಲಿ ಬಿಡು" ಎಂದನಂತೆ.

ಇನ್ನೊಂದು ಕೆಲಸವನ್ನೂ ಹಿಡಿದ. ಪ್ರತಿ ಡಿಸೆಂಬರಿನಲ್ಲಿ, ಕಬ್ಬು ಅರೆಯುವುದು ಶುರುವಾಗುವ ಮೊದಲು, ಸೈಕಲ್ಲಿಗೆ ಗೋಣಿಚೀಲ ಕಟ್ಟಿಕೊಂಡು ಊರೂರು ಸುತ್ತಿ ಗಾಣಗಳ ಒತ್ತು ಬೋಲ್ಟು ಬಿಚ್ಚಿ, ಎಳೆ ತಿಕ್ಕಿ, ಗ್ರೀಸು ಹಚ್ಚಿ, ಕೈಯಲ್ಲೇ ತಿರುಗುವಂತೆ ಮಾಡಿ ಬರುತ್ತಿದ್ದ. ಕೆಲವರು ಚಹಾ ಕೊಟ್ಟರು. ಎಕ್ಕಂಬಿಯ ಕಡೆ ಒಬ್ಬರು, "ಸುಮ್ಮನೆ ಇದ್ದದ್ದನ್ನು ಕೆದಕಿ ಯಾಕೆ ಕೆಲಸ ಹುಟ್ಟಿಸ್ಕತೆ?" ಎಂದು ಹೊರಗೇ ನಿಲ್ಲಿಸಿದರು. ಅವರ ಗಾಣದ ಬೋಲ್ಟು ಎಂಟು ವರ್ಷದಿಂದ ಅಲುಗಿರಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹೋದ. ಮೂರನೇ ಸಲಕ್ಕೆ ಒಳಗೆ ಬಿಟ್ಟರು. ನಾಗಪತಿ ಹೆಗಡೆಯವರ ಅಂಗಳಕ್ಕೆ ಮಾತ್ರ ಅವನು ಹೋಗಲಿಲ್ಲ; ಅವರು ಕೆರಿಯನ ಕೈ ಹೋದ ವರ್ಷವೇ ಗಾಣ ಕಿತ್ತು ಹಾಕಿದ್ದರು.

ಕೆರಿಯ ಆಮೇಲಾಮೇಲೆ ಹೆಗಡೆಯವರ ಪಂಪು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ವರ್ಷಕ್ಕೆ ಒಂದೆರಡು ಸಲ ಸಿದ್ದಾಪುರದ ಬಸ್ಸಿನಲ್ಲಿ ಇಬ್ಬರೂ ಎದುರಾಗುತ್ತಿದ್ದರು. ಮೊದಲ ಕೆಲವು ಸಲ ಕೆರಿಯ ಕಂಡರೂ ಕಾಣದವನಂತೆ ಕಿಟಕಿಯ ಕಡೆ ತಿರುಗಿದ. ಎರಡು ಸಾವಿರದ ನಾಲ್ಕರ ಮಳೆಗಾಲ ಮುಗಿದ ಮೇಲೆ ಒಂದು ದಿನ, ತಿಮ್ಮಿ ಮುಂದಿನ ಹೆಂಗಸರ ಸೀಟಿನಲ್ಲಿ ಕೂತಿದ್ದಾಗ, ಅವನಾಗಿಯೇ ಹಿಂದಕ್ಕೆ ಬಂದು ಶಂಕ್ರಪ್ಪನ ಪಕ್ಕ ಕೂತ.  ಆಮೇಲೆ ಸೊಂಟದ ಚೀಲ ಬಿಚ್ಚಿ, ಎಲೆ, ಅಡಿಕೆ, ಸುಣ್ಣದ ಡಬ್ಬಿ ತೆಗೆದು ಇವನ ತೊಡೆಯ ಮೇಲಿಟ್ಟ.

"ಬಸ್ಸು ಕುಣಿತದೆ. ಒಂದು ಕೈಯಲ್ಲಿ ಆಗೂದಿಲ್ಲ" ಎಂದ.

ಶಂಕ್ರಪ್ಪ ಎಲೆಯ ನಾರು ತೆಗೆದು ಸುಣ್ಣ ಸವರಿ, ಅಡಿಕೆಯಿಟ್ಟು ಮಡಿಚಿ ಕೊಟ್ಟ. ಕೆರಿಯ ಬಾಯಿಗೆ ಹಾಕಿಕೊಂಡು, ಈ ಸಲ ಕಬ್ಬಿಗೆ ಹಂದಿ ಕಾಟ ಜಾಸ್ತಿ ಎಂದ. ಹೌದೇನು ಎಂದ ಶಂಕ್ರಪ್ಪ. ತಿಮ್ಮಿ ಒಮ್ಮೆ ಹಿಂತಿರುಗಿ ಇಬ್ಬರನ್ನೂ ನೋಡಿ, ಮತ್ತೆ ರಸ್ತೆಯ ಕಡೆ ಮುಖ ಮಾಡಿದಳು.